ಹಳೇ ಸೀರೆಯ ಬಣ್ಣದ ಮ್ಯಾಟ್: ಮೊದಲು ಅಂಗೈಯಗಲದ ಒಂದು ತುಂಡು



ಇತ್ತೀಚೆಗೆ ಸಂಘಗಳ ಭೇಟಿಗೆ ಹೋದಲ್ಲೆಲ್ಲ ನಮಗೆ ಒಂದೇ ಕೇಳಿಕೆ. "ಸಿಸ್ಟರ್, ಬಚ್ಚಲುಮನೆ ಬಾಗಿಲಿಗೆ ಹಾಕುವ ಕ್ರೋಶಾ ಮ್ಯಾಟ್ ಕಲಿಸ್ತೀರಾ? ಮೊಬೈಲಲ್ಲಿ ನೋಡಿದೆವು, ಭಾರೀ ಚೆಂದ ಉಂಟು. ಸಂಘದಿಂದ ಸಾಲ ತೆಗೆದು ನೂಲು ತಂದರೆ ಮಾರಬಹುದಲ್ಲಾ?" ಕಲಿಸುತ್ತೇವೆ. ಈ ತಿಂಗಳ ಪಾಠ ಅದೇ. ಆದರೆ ಸಾಲದ ಮಾತಿಗೆ ಮೊದಲು ಒಂದು ಹಳೇ ಸಂಗತಿ ಹೇಳಬೇಕು. ತಪ್ಪು ನಮ್ಮದೇ ಆದ್ದರಿಂದ ಹೇಳಲು ನಾಚಿಕೆಯಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಘದ 12 ಮಂದಿಗೆ ನಾವೇ ಹುರಿದುಂಬಿಸಿ ಕ್ರೋಶಾ ತರಬೇತಿ ಕೊಡಿಸಿದೆವು. ಅವರು ಸಂಘದ ನಿಧಿಯಿಂದ 18,000 ರೂಪಾಯಿ ಸಾಲ ತೆಗೆದು ಕೆಂಪು, ಹಳದಿ, ನೀಲಿ ಹತ್ತಿ ನೂಲನ್ನು ಒಟ್ಟಿಗೆ ತಂದರು. ನೂರಕ್ಕೆ ಒಂದರಂತೆ ತಿಂಗಳಿಗೆ 180 ರೂಪಾಯಿ ಬಡ್ಡಿ. ಮೂರು ತಿಂಗಳು ಕೂತು ಹೆಣೆದರು. ಮ್ಯಾಟ್ ನೋಡಿದವರೆಲ್ಲ ಹೊಗಳಿದರು, ಕೊಂಡವರು ಕಡಿಮೆ. ಸಂತೆಯಲ್ಲಿ ಮಗ್ಗದ ಮ್ಯಾಟ್ ನೂರು, ನೂರೈವತ್ತಕ್ಕೆ ಸಿಗುವಾಗ ಕೈಹೆಣಿಗೆಯದ್ದಕ್ಕೆ ಯಾರು ಹೆಚ್ಚು ಕೊಡುತ್ತಾರೆ? ಕೊನೆಗೆ ನೂಲಿನ ಅಸಲು ಬಂದರೆ ಸಾಕೆಂದು ಮಾರಿದರು. ಕೊಂಡ ಒಬ್ಬರ ಮನೆಯಲ್ಲಿ ಕೆಂಪು ಬಣ್ಣ ಬಿಟ್ಟು ಬಿಳಿ ಟೈಲ್ಸ್ ಎಲ್ಲ ಗುಲಾಬಿಯಾಗಿ, ಆ ಮ್ಯಾಟ್ ವಾಪಸ್ ಬಂತು. ಸಾಲ ತೀರುವಾಗ ಒಂದೂವರೆ ವರ್ಷ ಆಗಿತ್ತು. ಹೆಣಿಗೆ ಕಲಿಸಿದ ನಾವು ಲೆಕ್ಕ ಕಲಿಸಿರಲಿಲ್ಲ.

ಅಂದಿನಿಂದ ನಮ್ಮ ತರಬೇತಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಮ್ಯಾಟ್ ಶುರು ಮಾಡುವ ಮೊದಲು ಅಂಗೈಯಗಲದ, ಅಂದರೆ 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಒಂದು ತುಂಡು ಹೆಣೆಯಬೇಕು. ಎಷ್ಟು ಬಟ್ಟೆ ಬೇಕು, ಎಷ್ಟು ಹೊತ್ತು ಬೇಕು, ಬಣ್ಣ ನಿಲ್ಲುತ್ತದೋ, ಒಗೆದರೆ ಕುಗ್ಗುತ್ತದೋ, ಮಾರಿದರೆ ಗಿಟ್ಟುತ್ತದೋ, ಇದೆಲ್ಲ ಆ ಪುಟ್ಟ ತುಂಡಿನಿಂದಲೇ ಗೊತ್ತಾಗುತ್ತದೆ.

ಬಟ್ಟೆ ಯಾವುದು?

ಕಾಲೊರೆಸುವುದಕ್ಕೆ ಹತ್ತಿಯೇ ಆಗಬೇಕು. ಹತ್ತಿ ನೀರನ್ನು ಹೀರುತ್ತದೆ, ಒದ್ದೆಯಾದಾಗ ಅದರ ನೂಲಿಗೆ ಬಲವೂ ಹೆಚ್ಚು. ಫ್ಯಾನ್ಸಿ ಅಂಗಡಿಯಲ್ಲಿ 'ಉಲ್ಲನ್' ಎಂದು ಕೊಡುವ ಬಣ್ಣದ ನೂಲು ಹೆಚ್ಚಾಗಿ ಅಕ್ರಿಲಿಕ್. ನೋಡಲು ಮೆತ್ತಗೆ, ಆದರೆ ನೀರು ಕುಡಿಯುವುದಿಲ್ಲ. ಅದರ ಮೇಲೆ ಒದ್ದೆ ಕಾಲಿಟ್ಟರೆ ನೀರು ಕಾಲಿನಲ್ಲೇ ಉಳಿಯುತ್ತದೆ.

ಹೊಸ ಹತ್ತಿ ನೂಲಿಗೆ ದುಡ್ಡು ಸುರಿಯುವ ಮೊದಲು ಪೆಟ್ಟಿಗೆಯಲ್ಲಿರುವ ಹಳೇ ಕಾಟನ್ ಸೀರೆ, ಲುಂಗಿ, ಬೆಡ್‌ಶೀಟ್ ತೆಗೆಯಿರಿ. ನೂರು ಸಲ ಒಗೆದ ಸೀರೆಯಲ್ಲಿ ಬಿಡುವ ಬಣ್ಣ ಹೆಚ್ಚು ಉಳಿದಿರುವುದಿಲ್ಲ, ಇನ್ನು ಕುಗ್ಗುವುದೂ ಕಡಿಮೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಬನಿಯನ್ ಬಟ್ಟೆಯ ಕಟಿಂಗ್ ತುಂಡುಗಳಿದ್ದರೆ ಅದೂ ಆಗುತ್ತದೆ.

ಕಾಟನ್ ಎಂದು ಹೇಳಿ ಮಾರಿದ್ದೆಲ್ಲ ಕಾಟನ್ ಅಲ್ಲ. ಸೀರೆಯ ಅಂಚಿನಿಂದ ಒಂದೆಳೆ ನೂಲು ಕಿತ್ತು, ಬಟ್ಟಲಲ್ಲಿ ನೀರು ಪಕ್ಕಕ್ಕಿಟ್ಟುಕೊಂಡು, ಬೆಂಕಿಕಡ್ಡಿಗೆ ಹಿಡಿದು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಎರಡೂ ಕೂಡಿದ ಬಟ್ಟೆಯಾದರೆ ಸ್ವಲ್ಪ ಬೂದಿ, ಸ್ವಲ್ಪ ಮಣಿ.

ಫಾಲ್ಸ್ ಬಿಚ್ಚಿ, ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ. ಜರಿ ಕಾಲಿಗೆ ಗೀರುತ್ತದೆ. ಆಮೇಲೆ ಉದ್ದಕ್ಕೆ ಒಂದಿಂಚು ಅಗಲದ ಪಟ್ಟಿಗಳಾಗಿ ಹರಿಯಿರಿ. ಕತ್ತರಿಗಿಂತ ಕೈಯಲ್ಲಿ ಹರಿದರೆ ನೇರ ಬರುತ್ತದೆ, ಬೇಗವೂ ಆಗುತ್ತದೆ. ಒಂದು ತುದಿಯಿಂದ ಹರಿಯುತ್ತಾ ಹೋಗಿ ಇನ್ನೊಂದು ತುದಿಗೆ ಒಂದಿಂಚು ಬಾಕಿ ಇರುವಾಗ ನಿಲ್ಲಿಸಿ. ಮುಂದಿನ ಪಟ್ಟಿಯನ್ನು ಆ ತುದಿಯಿಂದ ಶುರು ಮಾಡಿ ಈ ತುದಿಯಲ್ಲಿ ಒಂದಿಂಚು ಬಿಡಿ. ಹೀಗೆ ಹಾವಿನ ಹಾಗೆ ಇಡೀ ಸೀರೆ ಒಂದೇ ಪಟ್ಟಿಯಾಗುತ್ತದೆ, ಜೋಡಿಸುವ ಕೆಲಸವಿಲ್ಲ. ಉಂಡೆ ಸುತ್ತಿಡಿ. ಹರಿಯುವಾಗ ನೂಲಿನ ಧೂಳು ಏಳುತ್ತದೆ. ಅಂಗಳದಲ್ಲಿ ಕೂತು, ಮೂಗಿಗೆ ಬಟ್ಟೆ ಕಟ್ಟಿ ಮಾಡಿ. ದಮ್ಮು ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ.

ಅಂಚು ತೆಗೆದ ಮೇಲೆ ಸೀರೆ ಒಂದು ಮೀಟರ್ ಅಗಲ, 5 ಮೀಟರ್ ಉದ್ದ ಉಳಿಯಿತು ಎಂದಿಟ್ಟುಕೊಳ್ಳಿ. ಎರಡೂವರೆ ಸೆಂ.ಮೀ.ನ ಪಟ್ಟಿ 40 ಆಗುತ್ತದೆ. 40 ಸಲ 5 ಅಂದರೆ 200 ಮೀಟರ್. ಈ ಅಂಕಿ ನೆನಪಿಡಿ, ಮುಂದೆ ಬೇಕು.

ಹೊಲಿಗೆ

ಕಡ್ಡಿ ದಪ್ಪದ್ದು ಬೇಕು. ಲೇಸ್ ಹಾಕುವ ಸಣ್ಣ ಸ್ಟೀಲ್ ಕಡ್ಡಿಯಿಂದ ಸೀರೆಪಟ್ಟಿ ಹೆಣೆಯಲು ಹೋದರೆ ಮಣಿಕಟ್ಟು ಹೋಗುತ್ತದೆ. 10 ಮಿಲಿಮೀಟರಿನದ್ದು ಕೇಳಿ ತನ್ನಿ.

ನಮ್ಮ ಮ್ಯಾಟಿಗೆ ಎರಡೇ ಹೊಲಿಗೆ ಸಾಕು. ಮೊದಲನೆಯದು ಚೈನ್. ಪಟ್ಟಿಯ ತುದಿಗೆ ಜಾರುಗಂಟು ಹಾಕಿ ಕಡ್ಡಿಗೆ ಏರಿಸಿ, ಪಟ್ಟಿಯನ್ನು ಕಡ್ಡಿಗೆ ಸುತ್ತಿ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್. ಎರಡನೆಯದು ಸಿಂಗಲ್. ಕಡ್ಡಿಯನ್ನು ಹಿಂದಿನ ಸಾಲಿನ ಹೊಲಿಗೆಯೊಳಗೆ ತೂರಿಸಿ ಪಟ್ಟಿಯನ್ನು ಎಳೆದು ತನ್ನಿ. ಕಡ್ಡಿಯಲ್ಲಿ ಈಗ ಎರಡು ಕುಣಿಕೆ. ಮತ್ತೊಮ್ಮೆ ಪಟ್ಟಿ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಅಷ್ಟೇ. (ಪುಸ್ತಕ ನೋಡಿ ಕಲಿಯುವವರಿಗೆ ಒಂದು ಮಾತು: ಅಮೆರಿಕದ ಪುಸ್ತಕದಲ್ಲಿ ಸಿಂಗಲ್ ಎಂದಿರುವುದನ್ನೇ ಇಂಗ್ಲೆಂಡಿನ ಪುಸ್ತಕದಲ್ಲಿ ಡಬಲ್ ಎನ್ನುತ್ತಾರೆ. ಇದು ಗೊತ್ತಿಲ್ಲದೆ ನಾವೇ ಒಂದು ಮಧ್ಯಾಹ್ನ ಪೂರ್ತಿ ಬಿಚ್ಚಿ ಹಾಕಿದ್ದುಂಟು.)

ಅಂಗೈ ತುಂಡಿಗೆ 9 ಚೈನ್ ಹಾಕಿ. ಕಡ್ಡಿಯಿಂದ ಎರಡನೇ ಚೈನಿಗೆ ಮೊದಲ ಸಿಂಗಲ್ ಹಾಕಿ ಮುಂದುವರಿದರೆ 8 ಹೊಲಿಗೆ ಬರುತ್ತದೆ. ಸಾಲಿನ ಕೊನೆಗೆ ಒಂದು ಚೈನ್ ಹಾಕಿ ಕೆಲಸವನ್ನು ತಿರುಗಿಸಿ, ಮತ್ತೆ 8. ಹೀಗೆ 8 ಸಾಲು. ನಮ್ಮ ಕೈಯಲ್ಲಿ ಇದು 10 ಸೆಂ.ಮೀ. ಚೌಕ ಆಗುತ್ತದೆ. ನಿಮ್ಮ ಕೈ ಬಿಗಿಯಾಗಿದ್ದರೆ 9 ಹೊಲಿಗೆ ಬೇಕಾದೀತು, ಸಡಿಲವಾಗಿದ್ದರೆ 7. ಟೇಪು ಇಟ್ಟು ನೋಡಿ, ನಿಮ್ಮ ಲೆಕ್ಕವನ್ನೇ ಬರೆದುಕೊಳ್ಳಿ. ಶುರು ಮಾಡುವಾಗ ಗಡಿಯಾರ ನೋಡಲು ಮರೆಯಬೇಡಿ.

ಈಗ ತುಂಡನ್ನು ಬಿಸಿನೀರು, ಸೋಪಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿರಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬಿಡಿ, ಅಥವಾ ನೀರು ಬಣ್ಣ ಬಿಡದವರೆಗೆ ಬೇರೆಯಾಗಿ ಒಗೆಯಿರಿ. "ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ತದೆ ಸಿಸ್ಟರ್" ಎನ್ನುತ್ತಾರೆ. ಬಣ್ಣ ಹಾಕುವಾಗ ಉಪ್ಪು ಸಹಾಯ ಮಾಡುತ್ತದೆ, ನಿಜ. ಹಾಕಿ ಆದ ಮೇಲೆ ಬಿಡುವ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ತುಂಡು ಒಣಗಿದ ಮೇಲೆ ಮತ್ತೆ ಅಳೆಯಿರಿ. 10 ಇದ್ದದ್ದು ಒಂಬತ್ತೂವರೆ ಆಗಿದ್ದರೆ, 60 ಸೆಂ.ಮೀ. ಮ್ಯಾಟ್ 57ಕ್ಕೆ ಇಳಿಯುತ್ತದೆ ಎಂದು ತಿಳಿಯಿರಿ.

ಇಡೀ ಮ್ಯಾಟ್

60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಬಚ್ಚಲು ಬಾಗಿಲಿಗೆ ಸರಿಯಾದ ಅಳತೆ. ತುಂಡಿನಲ್ಲಿ 8 ಹೊಲಿಗೆ ಇದ್ದರೆ ಅಗಲಕ್ಕೆ ಅದರ ನಾಲ್ಕೂವರೆ ಪಾಲು, ಅಂದರೆ 36 ಹೊಲಿಗೆ. 37 ಚೈನ್ ಹಾಕಿ ಹೊರಡಿ, ಒಟ್ಟು 48 ಸಾಲು.

ಕಲಿಯುವವರ ಮ್ಯಾಟ್ ಹೆಚ್ಚಾಗಿ ಮೇಲೆ ಹೋಗುತ್ತಾ ಹೋಗುತ್ತಾ ಕಿರಿದಾಗುತ್ತದೆ. ಕಾರಣ ಒಂದೇ, ಸಾಲಿನ ಕೊನೆಯ ಹೊಲಿಗೆ ತಪ್ಪಿಹೋಗಿರುತ್ತದೆ. ಪ್ರತಿ ಸಾಲಿನ ಕೊನೆಗೆ 36 ಉಂಟಾ ಎಂದು ಎಣಿಸಿ. ಮಾತಾಡುತ್ತಾ ಹೆಣೆಯಬಹುದು, ಮಾತಾಡುತ್ತಾ ಎಣಿಸಲು ಆಗುವುದಿಲ್ಲ.

ಬಣ್ಣಕ್ಕೆ ನಿಯಮವೇನೂ ಇಲ್ಲ, ಆದರೂ ನಮ್ಮ ಅನುಭವ ಹೇಳುತ್ತೇವೆ. ಮಾಸಲು, ಕಡುಬಣ್ಣದ ಪಟ್ಟಿ ನಡುವೆ ಬರಲಿ, ಅಲ್ಲೇ ಕಾಲು ಬೀಳುವುದು. ತಿಳಿಬಣ್ಣ ಅಂಚಿಗೆ ಇರಲಿ. ಬೆಳಗಿನ ಜಾವದ ಮಬ್ಬಿನಲ್ಲಿ ಎದ್ದು ಬರುವ ಅಜ್ಜಿಗೆ ಮ್ಯಾಟ್ ಎಲ್ಲಿ ಮುಗಿಯುತ್ತದೆ ಎಂದು ಕಾಣಬೇಕು. ಬಣ್ಣ ಬದಲಿಸುವಾಗ ಗಂಟು ಹಾಕಬೇಡಿ, ಕಾಲಿಗೆ ಒತ್ತುತ್ತದೆ. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಸೂಜಿದಾರದಿಂದ ನಾಲ್ಕು ಹೊಲಿಗೆ ಹಾಕಿ.

ಗುಂಡು ಮ್ಯಾಟ್ ಆಸೆ ಇರುವವರು ಇದನ್ನು ಮುಗಿಸಿ ಆಮೇಲೆ ಮಾಡಿ. ಅದರಲ್ಲಿ ಪ್ರತಿ ಸುತ್ತಿಗೆ 6 ಹೊಲಿಗೆ ಹೆಚ್ಚಿಸಬೇಕು. ಕಡಿಮೆಯಾದರೆ ಬುಟ್ಟಿಯಾಗುತ್ತದೆ, ಹೆಚ್ಚಾದರೆ ಫ್ರಿಲ್ ಬರುತ್ತದೆ.

ಎಲ್ಲಿ ಹಾಕಬೇಕು?

ಫೋಟೋಗಳಲ್ಲಿ ಬಚ್ಚಲುಮನೆಯ ಒಳಗೇ ಚೆಂದಕ್ಕೆ ಹಾಸಿರುತ್ತಾರೆ. ಅಂಥ ಬಚ್ಚಲಲ್ಲಿ ಸ್ನಾನ ಮಾಡುವ ಜಾಗ ಬೇರೆ, ನೆಲ ಒಣಗಿಯೇ ಇರುತ್ತದೆ. ನಮ್ಮಲ್ಲಿ ಹಂಡೆಯಿಂದ ತೋಡಿ ಸುರಿದುಕೊಂಡರೆ ಗೋಡೆಯವರೆಗೆ ನೀರು. ಒಳಗೆ ಹಾಕಿದ ಮ್ಯಾಟ್ ಒದ್ದೆ ಮುದ್ದೆಯಾಗಿ, ಪಾಚಿ ಹಿಡಿದು, ಜಾರುವ ಜಾಗವಾಗುತ್ತದೆ. ಆದ್ದರಿಂದ ಹೊಸ್ತಿಲಿನ ಹೊರಗೆ, ಒಣ ನೆಲದ ಮೇಲೆ ಹಾಕಿ.

ಅಲ್ಲಿಯೂ ಒಂದು ಎಚ್ಚರ ಬೇಕು. ನುಣುಪು ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ಬರೀ ಬಟ್ಟೆಯ ಮ್ಯಾಟ್ ಜಾರುತ್ತದೆ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದರೆ ಆಪರೇಷನ್, ಆಸ್ಪತ್ರೆ, ನೋಡಿಕೊಳ್ಳಲು ಮನೆಯ ಹೆಂಗಸು ಕೆಲಸ ಬಿಡುವುದು, ಸಂಘದ ತುರ್ತುಸಾಲ, ಈ ಸರಪಳಿ ನಿಮಗೆಲ್ಲ ಗೊತ್ತಿರುವುದೇ. ಜಾರದ ರಬ್ಬರ್ ಜಾಲರಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮ್ಯಾಟಿಗಿಂತ ಎರಡು ಬೆರಳು ಚಿಕ್ಕದಾಗಿ ಕತ್ತರಿಸಿ ಅಡಿಗೆ ಹೊಲಿಯಿರಿ. ಜಾಲರಿ ಇಲ್ಲದ ಮ್ಯಾಟನ್ನು ಸಂಘದ ಹೆಸರಿನಲ್ಲಿ ಮಾರಬೇಡಿ.

ಮಳೆಗಾಲದಲ್ಲಿ ದಪ್ಪ ಹತ್ತಿ ಮ್ಯಾಟ್ ಒಂದು ದಿನದಲ್ಲಿ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಮನೆಗೆ ಎರಡು ಮಾಡಿ, ಒಂದು ನೆಲದಲ್ಲಿ, ಒಂದು ಹಗ್ಗದಲ್ಲಿ.

ದುಡ್ಡಿನ ಲೆಕ್ಕ

60 ಸಲ 45 ಅಂದರೆ 2,700 ಚದರ ಸೆಂ.ಮೀ. ನಿಮ್ಮ ಅಂಗೈ ತುಂಡು 100. ಹಾಗಾದರೆ ಒಂದು ಮ್ಯಾಟ್ ಅಂದರೆ 27 ತುಂಡು. ಇನ್ನು ಎಲ್ಲವನ್ನೂ 27ರಿಂದ ಗುಣಿಸುವುದು.

ತುಂಡನ್ನು ಬಿಚ್ಚಿ ಪಟ್ಟಿ ಅಳೆದರೆ ನಮ್ಮದು ಸುಮಾರು 4 ಮೀಟರ್ ಬಂತು. 27 ಸಲ 4 ಅಂದರೆ 108 ಮೀಟರ್. ಒಂದು ಸೀರೆಯಲ್ಲಿ 200 ಮೀಟರ್ ಇತ್ತಲ್ಲ, ಹಾಗಾಗಿ ಒಂದು ಮ್ಯಾಟ್ ಧಾರಾಳ ಆಗಿ, ಎರಡನೆಯದಕ್ಕೆ ಸ್ವಲ್ಪ ಸಾಲದು.

ಸಮಯ ನೋಡೋಣ. ತುಂಡಿಗೆ 12 ನಿಮಿಷ ಹಿಡಿದರೆ ಮ್ಯಾಟಿಗೆ 324 ನಿಮಿಷ, ಅಂದರೆ 5 ಗಂಟೆ 24 ನಿಮಿಷ. ಸೀರೆ ಹರಿಯಲು, ಜಾಲರಿ ಹೊಲಿಯಲು ಇನ್ನೊಂದು ಗಂಟೆ ಸೇರಿಸಿ. ಒಟ್ಟು 6 ಗಂಟೆ 24 ನಿಮಿಷ.

ಈ ಗಂಟೆಗಳಿಗೆ ಬೆಲೆ ಏನು? "ಅದಕ್ಕೆಂಥ ಬೆಲೆ ಸಿಸ್ಟರ್, ಟಿ.ವಿ. ನೋಡ್ತಾ ಮಾಡಿದ್ದಲ್ವಾ" ಎಂದು ಪ್ರತಿ ಸಂಘದಲ್ಲೂ ಒಬ್ಬರಾದರೂ ಹೇಳುತ್ತಾರೆ. ಇಲ್ಲಿಯೇ ನಮಗೆ ಸಿಟ್ಟು ಬರುವುದು, ಅವರ ಮೇಲಲ್ಲ, ಹಾಗೆ ಹೇಳಲು ಕಲಿಸಿದ ವ್ಯವಸ್ಥೆಯ ಮೇಲೆ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಆ ಲೆಕ್ಕದಲ್ಲಿ ನಿಮ್ಮ ಕೂಲಿಯೇ 296 ರೂಪಾಯಿ. ಜಾಲರಿ, ನೂಲಿಗೆ 40 ಎಂದಿಟ್ಟರೆ ಮ್ಯಾಟಿನ ಅಸಲು 336. ಬಟ್ಟೆ ಪುಕ್ಕಟೆ ಸಿಕ್ಕಿಯೂ ಇಷ್ಟು! ಇದನ್ನು ಸಂತೆಯಲ್ಲಿ 120ಕ್ಕೆ ಕೊಟ್ಟರೆ 40 ಕಳೆದು ಉಳಿಯುವುದು 80. ಗಂಟೆಗೆ ಹನ್ನೆರಡೂವರೆ ರೂಪಾಯಿ. ಇದರ ಜೊತೆಗೆ ನೂಲಿಗೆ ಸಾಲ, ಸಾಲಕ್ಕೆ ಬಡ್ಡಿ ಸೇರಿದರೆ ಏನಾಗುತ್ತದೆ, ಮೊದಲೇ ಹೇಳಿದ್ದೇವೆ.

ಕ್ರೋಶಾ ಕೆಲಸದಲ್ಲಿ ಈ ಮೋಸ ಹಳೆಯದು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಲಿಸಿದರು, ನಾವು ಕಲಿಸಿದ ಹಾಗೆ. ಆ ಲೇಸ್ ವಿದೇಶಕ್ಕೆಲ್ಲ ಹೋಯಿತು, 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಮಾರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ ಅಲ್ಲಿಗೆ ಹೋಗಿ ಆ ಹೆಂಗಸರ ದಿನಚರಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ನಾವು ಸಮಾಜಕಾರ್ಯ ಓದುವಾಗ ಅದನ್ನು ಓದಿ ನಿದ್ದೆ ಬಂದಿರಲಿಲ್ಲ. ಮನೆಕೆಲಸದ ಮೇಲೆ ದಿನಕ್ಕೆ ಗಂಟೆಗಟ್ಟಲೆ ಲೇಸ್ ಹೆಣೆಯುವ ಆ ಹೆಂಗಸರನ್ನು ಯಾರೂ ಕೆಲಸಗಾರ್ತಿಯರು ಎಂದು ಎಣಿಸಿರಲಿಲ್ಲ. "ಮನೆಯಲ್ಲಿ ಕೂತಿರುವ ಗೃಹಿಣಿಯರು, ಬಿಡುವಿನಲ್ಲಿ ಮಾಡುತ್ತಾರೆ" ಎಂದೇ ಲೆಕ್ಕ. ಹಾಗಾಗಿ ಕೈಗೆ ಬರುತ್ತಿದ್ದುದು ಕನಿಷ್ಠ ಕೂಲಿಗಿಂತ ಎಷ್ಟೋ ಕಡಿಮೆ, ಲಾಭವೆಲ್ಲ ವ್ಯಾಪಾರಿಗಳಿಗೆ. ಟಿ.ವಿ. ನೋಡುತ್ತಾ ಮಾಡಿದ್ದು ಎಂಬ ಮಾತೂ ಅದೇ ಜಾತಿಯದ್ದು.

ಹಾಗಾದರೆ ಮಾರಲೇಬಾರದೇ?

ಹಾಗಲ್ಲ. ಮೊದಲು ನಿಮ್ಮ ಮನೆಗೆ ಮಾಡಿ. ಅಲ್ಲಿ ಸಂತೆಯ ಪೈಪೋಟಿ ಇಲ್ಲ, ಹಳೇ ಬಟ್ಟೆ ಉಪಯೋಗವಾಗುತ್ತದೆ, ಮುದುಕರ ಕಾಲು ಉಳಿಯುತ್ತದೆ. ಮಾರುವುದಾದರೆ ಯಂತ್ರಕ್ಕೆ ಆಗದ್ದನ್ನು ಮಾರಬೇಕು.

ನಮಗೆ ಈ ದಾರಿ ತೋರಿಸಿದ್ದು ಅದೇ ಸಾಲ ಸಂಘದ ಒಬ್ಬರು ಸದಸ್ಯೆ. ಅವರ ಪಕ್ಕದ ಮನೆಯಲ್ಲಿ ಅಜ್ಜಿ ತೀರಿಕೊಂಡಿದ್ದರು. ವರ್ಷ ಕಳೆದ ಮೇಲೆ ಮಗಳು ಅಜ್ಜಿಯ ಐದಾರು ಕಾಟನ್ ಸೀರೆ ಹಿಡಿದು ಬಂದು, "ಬಿಸಾಡಲು ಮನಸ್ಸು ಬರುವುದಿಲ್ಲ ಅಕ್ಕಾ, ಉಡಲೂ ಆಗುವುದಿಲ್ಲ, ಏನಾದರೂ ಮಾಡಿಕೊಡ್ತೀರಾ?" ಎಂದರಂತೆ. ಕಾಲಡಿಗೆ ಹಾಕಲು ಅವರು ಒಪ್ಪಲಿಲ್ಲ. ಹಾಗಾಗಿ ಇದೇ ಹೊಲಿಗೆಯಲ್ಲಿ ಕುರ್ಚಿಗೆ ಹಾಸುವ ನಾಲ್ಕು ಮ್ಯಾಟ್ ಮಾಡಿಕೊಟ್ಟರು. ತಲಾ 400ರಂತೆ ಚೌಕಾಸಿ ಇಲ್ಲದೆ ಕೊಟ್ಟರು. ಬಟ್ಟೆ ಅವರದ್ದು, ಕೈ ಇವರದ್ದು, ಸಾಲ ಯಾರದ್ದೂ ಇಲ್ಲ. ಅಂಗಡಿಯಲ್ಲಿ ಎಷ್ಟು ಕೊಟ್ಟರೂ ಅಮ್ಮನ ಸೀರೆಯ ಮ್ಯಾಟ್ ಸಿಗುವುದಿಲ್ಲವಲ್ಲ.

ಆದ್ದರಿಂದ ಆರ್ಡರ್ ಇದ್ದರೆ ಮಾತ್ರ ಮಾಡಿ, ಅರ್ಧ ಹಣ ಮುಂಗಡ ಪಡೆಯಿರಿ, ಅಳತೆ ಬಣ್ಣ ಬರೆದಿಟ್ಟುಕೊಳ್ಳಿ. ಚರ್ಚಿನ ಹಬ್ಬಕ್ಕೋ, ಒಕ್ಕೂಟದ ವಾರ್ಷಿಕೋತ್ಸವಕ್ಕೋ ಸ್ಟಾಲ್ ಹಾಕುವಾಗ ಐದಾರು ಮ್ಯಾಟ್ ಮಾದರಿಗೆ ಇಟ್ಟು ಪಕ್ಕದಲ್ಲಿ ಆರ್ಡರ್ ಪುಸ್ತಕ ಇಡಿ. ಬೆಲೆಚೀಟಿಯಲ್ಲಿ ಎಷ್ಟು ಗಂಟೆಯ ಕೆಲಸ ಎಂದೂ ಬರೆಯಿರಿ. "ಜಾಸ್ತಿ ಆಯ್ತು" ಎನ್ನುವವರಿಗೆ ಆ ಚೀಟಿ ತೋರಿಸಿದರೆ ಸಾಕು, ಬಾಯಿಮಾತು ಬೇಡ. ಕೆಲವರು ಮತ್ತೂ ಬಿಟ್ಟುಹೋಗುತ್ತಾರೆ, ಹೋಗಲಿ. ತುಂಡಿನ ಲೆಕ್ಕ ಮಾಡಿದ ಮೇಲೂ ಮಾರಾಟಕ್ಕೆಂದು ನೂಲಿನ ಸಾಲ ಕೇಳುವವರಿದ್ದರೆ, ಆ ಲೆಕ್ಕದ ಹಾಳೆಯನ್ನು ಸಾಲದ ಅರ್ಜಿಗೆ ಪಿನ್ ಮಾಡಿ ಕೊಡಲಿ. ಸಂಘದವರು ಅದನ್ನು ಓದಿ ಆಮೇಲೆ ತೀರ್ಮಾನ ಮಾಡಲಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಅಂಗೈ ತುಂಡು, ಅದನ್ನು ಒತ್ತಿದ ಬಿಳಿ ಬಟ್ಟೆ, ಹಿಡಿದ ನಿಮಿಷ ಬರೆದ ಚೀಟಿ ತನ್ನಿ. ಪುಸ್ತಕ ಬರೆಯುವವರು ಎಲ್ಲರ ನಿಮಿಷವನ್ನು 27ರಿಂದ ಗುಣಿಸಿ ಗಟ್ಟಿಯಾಗಿ ಓದಲಿ. ಕೈ ನಿಧಾನ ಇರುವವರು ನಾಚಿಕೊಳ್ಳಬೇಡಿ, ನಮ್ಮ ಮೊದಲ ತುಂಡಿಗೆ 35 ನಿಮಿಷ ಹಿಡಿದಿತ್ತು. ದಪ್ಪ ಕಡ್ಡಿ ಇಲ್ಲದವರು ಕೇಂದ್ರಕ್ಕೆ ಬಂದು ಕೇಳಿ, ಇರುವ ಕಡ್ಡಿಗಳನ್ನು ವಾರಕ್ಕೆ ಒಂದು ಸಂಘದಂತೆ ಸರದಿಯಲ್ಲಿ ಕೊಡುತ್ತೇವೆ.